ಉಪ್ಪರಿಗೆಯ ಕೋಣೆಯಲ್ಲಿ ವಿಪಿಎನ್ ಕಡಿಯದಂತೆ ಮಾಡಿದ್ದು: ಒಂದು ದುರಸ್ತಿಯ ದಾಖಲೆ

ಕೆಲಸ ನಡೆದದ್ದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯ ಒಂದು ಹಳೆಯ ಹಂಚಿನ ಮನೆಯಲ್ಲಿ. ಅಣ್ಣನ ಮಗಳು ಮಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯ ಕೆಲಸವನ್ನು ಈ ಮನೆಯ ಉಪ್ಪರಿಗೆಯಲ್ಲಿ ಕುಳಿತು ಮಾಡುತ್ತಾಳೆ. ಕಚೇರಿಯ ಸರ್ವರಿನಲ್ಲಿರುವ ಕಡತಗಳನ್ನು ತೆರೆಯಬೇಕಾದರೆ ಓಪನ್‌ವಿಪಿಎನ್ ಮೂಲಕ, ಅಂದರೆ ಇಂಟರ್ನೆಟ್ಟಿನಲ್ಲಿ ಕಚೇರಿಯ ಜಾಲದೊಳಗೆ ಕರೆದೊಯ್ಯುವ ಸುರಕ್ಷಿತ ದಾರಿಯ ಮೂಲಕ, ಹೋಗಬೇಕು. ಆ ಸಂಪರ್ಕ ದಿನದಲ್ಲಿ ಹಲವು ಸಲ ಕಡಿದುಹೋಗುತ್ತಿತ್ತು. ಪ್ರತಿ ಸಲವೂ ಪಾಸ್‌ವರ್ಡ್, ಮೊಬೈಲಿಗೆ ಬರುವ ಒಟಿಪಿ, ಮತ್ತೆ ಮೊದಲಿನಿಂದ ಕಡತ ತೆರೆಯುವ ಕೆಲಸ. ಅದೇ ಹೊತ್ತಿನಲ್ಲಿ ಕೆಳಗೆ ಚಾವಡಿಯಲ್ಲಿ ಟಿವಿಯಲ್ಲಿ ಓಡುತ್ತಿದ್ದ ಯೂಟ್ಯೂಬ್ ಒಮ್ಮೆಯೂ ನಿಲ್ಲುತ್ತಿರಲಿಲ್ಲವಾದುದರಿಂದ ದೋಷವೆಲ್ಲ ಕಚೇರಿಯದ್ದೇ ಎಂದು ಮನೆಯವರು ತೀರ್ಮಾನಿಸಿದ್ದರು. ಕಚೇರಿಯವರು ಮನೆಯ ವೈಫೈ ಸರಿಯಿಲ್ಲ ಎನ್ನುತ್ತಿದ್ದರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿತ್ತು.

ಟಿವಿ ನಿಲ್ಲದಿರುವುದು ಇಂಟರ್ನೆಟ್ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ವಿಡಿಯೊ ಮುಂದಿನ ಕೆಲವು ಸೆಕೆಂಡುಗಳ ಭಾಗವನ್ನು ಮೊದಲೇ ಇಳಿಸಿಕೊಂಡಿರುತ್ತದೆ. ನಡುವೆ ಐದು ಸೆಕೆಂಡು ಸಂಪರ್ಕ ಹೋಗಿ ಬಂದರೂ ನೋಡುವವರಿಗೆ ತಿಳಿಯುವುದಿಲ್ಲ. ವಿಪಿಎನ್ ಒಳಗೆ ತೆರೆದಿಟ್ಟ ಕಡತಕ್ಕೆ ಅಂತಹ ಸಂಗ್ರಹವಿಲ್ಲ.

ಇದ್ದ ಏರ್ಪಾಡು

ಊರಿನ ಕೇಬಲ್ ಆಪರೇಟರರು ಕೊಟ್ಟ ಫೈಬರ್ ಮೋಡೆಮ್ ಚಾವಡಿಯ ಮೂಲೆಯಲ್ಲಿ, ಟಿವಿಯ ಪಕ್ಕದಲ್ಲಿತ್ತು. ಅದರೊಳಗೇ ವೈಫೈ ಇದೆ, ಮನೆಯ ಜಾಲದೊಳಗಿನ ವಿಳಾಸ 192.168.1.1. ಅಲ್ಲಿಂದ ಹತ್ತು ಮೀಟರಿನ ಕೇಬಲ್ ನಡುಕೋಣೆಗೆ ಹೋಗಿ, ಉಪ್ಪರಿಗೆಯ ಮೆಟ್ಟಿಲಿನ ಬುಡದಲ್ಲಿದ್ದ ಹಳೆಯ ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟಿಗೆ ಸೇರುತ್ತಿತ್ತು. ಈ ಎರಡನೆಯ ರೂಟರಿನದ್ದು 2.4 ಗಿಗಾಹರ್ಟ್ಸ್ ಮಾತ್ರ, ಪೋರ್ಟುಗಳು 100 ಎಂಬಿಪಿಎಸ್‌ನವು, ವಿಳಾಸ 192.168.0.1. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್. ಹೀಗೆ ಮಾಡಿದರೆ ಮನೆಯ ಯಾವ ಮೂಲೆಗೆ ಹೋದರೂ ಮೊಬೈಲ್ ತಾನಾಗಿ ಹಿಡಿದುಕೊಳ್ಳುತ್ತದೆ ಎಂಬ ಉದ್ದೇಶದಿಂದ ಹಾಗಿಟ್ಟಿದ್ದರು. ಮೊಬೈಲಿಗೆ ಅದು ಸರಿಯಾಗಿಯೇ ಇತ್ತು.

ಗೋಡೆಗಳು ಮುರಕಲ್ಲಿನವು, ಗಾರೆ ಸೇರಿ ಹನ್ನೆರಡು ಇಂಚು ದಪ್ಪ. ಚಾವಡಿಗೂ ಉಪ್ಪರಿಗೆಯ ಕೋಣೆಗೂ ನಡುವೆ ಅಂತಹ ಗೋಡೆಗಳು ಎರಡು, ಮೇಲೆ ಮರದ ಮುಚ್ಚಿಗೆ. ಮಳೆಗಾಲದಲ್ಲಿ ಈ ಕಲ್ಲು ನೀರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ನೀರು ವೈಫೈ ತರಂಗಗಳನ್ನು ಹೀರುವ ವಸ್ತುವಾದುದರಿಂದ ಆಟಿಯ ಮಳೆಯಲ್ಲಿ ತೊಂದರೆ ಹೆಚ್ಚಿತೆಂಬ ಮನೆಯವರ ಮಾತನ್ನು ನಾನು ತಳ್ಳಿಹಾಕಲಿಲ್ಲ.

ಹಂತ 1: ಅಳೆಯದೆ ಮಾಡಿದ ಕೆಲಸಗಳು (ಜುಲೈ)

ಇವು ಯಾವುವೂ ಫಲ ಕೊಡಲಿಲ್ಲ. ಇನ್ನೊಬ್ಬರು ಇದೇ ದಾರಿಯಲ್ಲಿ ಹೊತ್ತು ಕಳೆಯದಿರಲಿ ಎಂದು ಬರೆಯುತ್ತಿದ್ದೇನೆ.

ಎರಡನೆಯ ರೂಟರಿನಲ್ಲಿ ವಿಪಿಎನ್ ಪಾಸ್‌ಥ್ರೂ ಎಂಬ ಪುಟವಿದೆ. ಬೇರೆ ಬಗೆಯ ವಿಪಿಎನ್ ಕ್ರಮಗಳಾದ ಐಪಿಸೆಕ್, ಎಲ್2ಟಿಪಿ, ಪಿಪಿಟಿಪಿ ಎಂಬ ಮೂರು ಆಯ್ಕೆಗಳನ್ನು ಹಚ್ಚಿ, ಆರಿಸಿ ನೋಡಿದೆ. ಓಪನ್‌ವಿಪಿಎನ್ ಈ ಮೂರರಲ್ಲಿ ಯಾವುದೂ ಅಲ್ಲ. ಅದು ಸಾಮಾನ್ಯ ಟಿಸಿಪಿ ಅಥವಾ ಯುಡಿಪಿ (ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಎರಡು ಕ್ರಮಗಳು) ಸಂಪರ್ಕದಂತೆಯೇ ಹೋಗುತ್ತದೆ, ಆದ್ದರಿಂದ ಈ ಗುಂಡಿಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ರೂಟರಿನ ಫರ್ಮ್‌ವೇರ್ ಹೊಸದಾಗಿಸಿದೆ. ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರಿನಲ್ಲಿ, ವಿದ್ಯುತ್ ಉಳಿಸಲು ವೈಫೈ ಅಡಾಪ್ಟರನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಗುರುತನ್ನು ತೆಗೆದುಹಾಕಿದೆ. ಇದು ಮಾಡಬೇಕಾದ ಕೆಲಸವೇ, ಆದರೆ ಇಲ್ಲಿನ ರೋಗ ಅದಾಗಿರಲಿಲ್ಲ.

ರೂಟರನ್ನು ಆರಿಸಿ ಹಚ್ಚಿದಾಗ ಮಾತ್ರ ಒಂದೆರಡು ಗಂಟೆ ಎಲ್ಲವೂ ಸರಿಯಾಗುತ್ತಿತ್ತು. ಅದಕ್ಕಾಗಿ ರೂಟರೇ ಹಾಳಾಗಿದೆ ಎಂಬ ಅನುಮಾನ ಬಲವಾಗಿ, ಹೊಸದನ್ನು ಕೊಳ್ಳುವ ಮಾತೂ ಬಂತು. ಮೂರು ಪೆಟ್ಟಿಗೆಗಳ ಮೆಶ್ ಸೆಟ್ ಒಂದನ್ನು ಅಣ್ಣ ನೋಡಿಯೂ ಇಟ್ಟಿದ್ದ. ನಾನು ಬೇಡವೆಂದೆ. ಮೆಶ್ ಪೆಟ್ಟಿಗೆಗಳು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವುದೂ ಗಾಳಿಯ ಮೂಲಕವೇ, ಅವಕ್ಕೂ ಅದೇ ಮುರಕಲ್ಲಿನ ಗೋಡೆ ಅಡ್ಡ ಬರುತ್ತದೆ. ಅವುಗಳ ನಡುವೆ ಕೇಬಲ್ ಎಳೆಯುವುದಾದರೆ ಇರುವ ರೂಟರಿಗೇ ಎಳೆಯಬಹುದು.

ಹಂತ 2: ಮೂರು ಪಿಂಗ್ ಒಟ್ಟಿಗೆ

ನಿಜವಾದ ಕೆಲಸ ಇಲ್ಲಿಂದ ಆರಂಭವಾಯಿತು. ಲ್ಯಾಪ್‌ಟಾಪಿನಲ್ಲಿ ಮೂರು ಕಪ್ಪು ಕಿಟಕಿಗಳನ್ನು ತೆರೆದು ಮೂರು ವಿಳಾಸಗಳಿಗೆ ಏಕಕಾಲದಲ್ಲಿ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಹೋಗುವಂತೆ ಮಾಡಿದೆ: ಒಂದು ಆಗ ಹಿಡಿದಿರುವ ರೂಟರಿಗೆ, ಇನ್ನೊಂದು ಹೊರಗಿನ, ಗೂಗಲ್ಲಿನ 8.8.8.8ಕ್ಕೆ, ಮೂರನೆಯದು ವಿಪಿಎನ್ ಒಳಗಿನ ಕಚೇರಿಯ ಸರ್ವರಾದ 192.168.1.10ಕ್ಕೆ. ವಿಂಡೋಸಿನ ಪಿಂಗ್ ಆದೇಶ ಉತ್ತರ ಬಂದ ಗಡಿಯಾರದ ಸಮಯವನ್ನು ಬರೆಯುವುದಿಲ್ಲ. ಸಮಯವಿಲ್ಲದಿದ್ದರೆ ಮೂರು ಪಟ್ಟಿಗಳನ್ನು ಹೋಲಿಸಲಾಗದು. ಆದ್ದರಿಂದ ಪ್ರತಿ ಸಾಲಿನ ಮುಂದೆ ಸಮಯ ಸೇರಿಸಿ ಕಡತಕ್ಕೆ ಬರೆಯುವ ನಾಲ್ಕು ಸಾಲಿನ ಪವರ್‌ಶೆಲ್ ಸ್ಕ್ರಿಪ್ಟ್ ಮಾಡಿಕೊಂಡೆ. ಅವಳ ಕೆಲಸಕ್ಕೆ ಇದರಿಂದ ಅಡ್ಡಿಯಿರಲಿಲ್ಲ, ಹಿನ್ನೆಲೆಯಲ್ಲಿ ಓಡುತ್ತಿತ್ತು.

ಓದುವ ಕ್ರಮ ಸುಲಭ. ಮೂರೂ ಒಟ್ಟಿಗೆ ನಿಂತರೆ ದೋಷ ಲ್ಯಾಪ್‌ಟಾಪಿಗೂ ರೂಟರಿಗೂ ನಡುವೆ. ರೂಟರ್ ಉತ್ತರಿಸುತ್ತಿದ್ದು ಉಳಿದೆರಡು ನಿಂತರೆ ದೋಷ ಮೋಡೆಮ್ ಅಥವಾ ಹೊರಗಿನ ಫೈಬರಿನದ್ದು. ಮೊದಲೆರಡು ಸರಿಯಿದ್ದು ಮೂರನೆಯದು ಮಾತ್ರ ನಿಂತರೆ ದೋಷ ವಿಪಿಎನ್‌ನದ್ದು ಅಥವಾ ವಿಳಾಸಗಳದ್ದು.

ಒಂದೇ ರೋಗ ಇರಬಹುದೆಂದು ನಾನು ನಿರೀಕ್ಷಿಸಿದ್ದೆ. ದಾಖಲೆಯಲ್ಲಿ ಮೂರೂ ಬಗೆಯವು ಸಿಕ್ಕವು.

ಮೊದಲನೆಯ ಬಗೆ ದಿನವಿಡೀ ಹರಡಿಕೊಂಡಿತ್ತು. ಒಂದು ಗಂಟೆಯ, ಅಂದರೆ 3,600 ಪಿಂಗ್‌ಗಳ ಭಾಗವೊಂದನ್ನು ಎಣಿಸಿದಾಗ ರೂಟರಿಗೆ ಹೋದವುಗಳಲ್ಲೇ 214 ಮರಳಿರಲಿಲ್ಲ. ಮರಳಿದವುಗಳ ಸರಾಸರಿ 38 ಮಿಲಿಸೆಕೆಂಡು, ಅತಿ ತಡವಾದದ್ದು ಎರಡು ಸೆಕೆಂಡಿಗೆ ಹತ್ತಿರ. ಮನೆಯೊಳಗಿನ ರೂಟರಿಗೆ ಎರಡು ಮೂರು ಮಿಲಿಸೆಕೆಂಡು ಸಾಕು. ಮೊಬೈಲಿನ ವೈಫೈ ಅನಲೈಸರ್ ಆ್ಯಪಿನಲ್ಲಿ ಅಳೆದಾಗ ಉಪ್ಪರಿಗೆಯ ಮೇಜಿನ ಬಳಿ ಎರಡನೆಯ ರೂಟರಿನ ಸಿಗ್ನಲ್ ಮೈನಸ್ 74 ಡಿಬಿಎಂ, ಚಾವಡಿಯ ಮೋಡೆಮಿನದ್ದು ಮೈನಸ್ 79. ಮೆಟ್ಟಿಲಿನ ಬುಡದಲ್ಲಿ ಮೈನಸ್ 40. ಮೋಡೆಮಿನ 5 ಗಿಗಾಹರ್ಟ್ಸ್ ಮೇಲಿನವರೆಗೆ ಬರುತ್ತಲೇ ಇರಲಿಲ್ಲ. ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ; ಮೈನಸ್ 67ರ ಆಸುಪಾಸಿನಲ್ಲಿದ್ದರೆ ಕೆಲಸಕ್ಕೆ ಸಾಕೆಂಬುದು ರೂಢಿಯ ಲೆಕ್ಕ. ಇಲ್ಲಿ ಎರಡೂ ಅದಕ್ಕಿಂತ ಕೆಳಗೆ, ಮೇಲಾಗಿ ಒಂದಕ್ಕೊಂದು ಹತ್ತಿರ. ಹತ್ತಿರವಾಗಿದ್ದುದೇ ದೊಡ್ಡ ಅನರ್ಥ. ಲ್ಯಾಪ್‌ಟಾಪ್ ಒಮ್ಮೆ ಇದನ್ನು ಹಿಡಿದು, ಬಾಗಿಲು ಮುಚ್ಚಿದರೆ ಅಥವಾ ಯಾರಾದರೂ ಅಡ್ಡ ನಿಂತರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತಿತ್ತು. ಹೆಸರು ಒಂದೇ ಆಗಿದ್ದರಿಂದ ಪರದೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ, ಆದರೆ ಅದರ ವಿಳಾಸ 192.168.0.xನಿಂದ 192.168.1.xಗೆ (x ಎಂದರೆ ಒಂದೊಂದು ಸಾಧನಕ್ಕೂ ಬೇರೆಯಾಗುವ ಕೊನೆಯ ಸಂಖ್ಯೆ) ಬದಲಾಗಿ, ಹಳೆಯ ವಿಳಾಸದ ಮೇಲೆ ನಿಂತಿದ್ದ ಟಿಸಿಪಿ ಸಂಪರ್ಕ ಅಲ್ಲಿಗೇ ಮುಗಿಯುತ್ತಿತ್ತು.

ರೂಟರನ್ನು ಆರಿಸಿ ಹಚ್ಚಿದರೆ ಸರಿಯಾಗುತ್ತಿದ್ದ ಗುಟ್ಟೂ ಇದೇ. ಹಾಗೆ ಮಾಡಿದ ಮೇಲೆ ಅವಳು ವೈಫೈಯನ್ನು ಹೊಸದಾಗಿ ಜೋಡಿಸುತ್ತಿದ್ದಳು, ಲ್ಯಾಪ್‌ಟಾಪ್ ಆ ಹೊತ್ತಿಗೆ ಬಲವಾಗಿರುವ ಎರಡನೆಯ ರೂಟರನ್ನು ಹಿಡಿಯುತ್ತಿತ್ತು, ಮತ್ತೆ ಹಾರುವವರೆಗೆ ನೆಮ್ಮದಿ. ರೂಟರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಹಂತ 3: ಎಂಟಿಯು ಅಳತೆ

ವಿಪಿಎನ್ ಕಡಿಯುತ್ತದೆ ಎಂದರೆ ತಿಳಿದವರೆಲ್ಲರೂ ಮೊದಲು ಹೇಳುವುದು ಎಂಟಿಯು, ಅಂದರೆ ಒಂದು ಸಲಕ್ಕೆ ಕಳುಹಿಸುವ ಮಾಹಿತಿಯ ತುಂಡಿನ (ಪ್ಯಾಕೆಟ್ಟಿನ) ಗರಿಷ್ಠ ಗಾತ್ರ, ಕಡಿಮೆ ಮಾಡಿ ಎಂದು. ಕಡಿಮೆ ಮಾಡುವ ಮುಂಚೆ ಅಳೆದೆ. ತುಂಡರಿಸಬಾರದು ಎಂಬ ಷರತ್ತಿನೊಂದಿಗೆ ಪಿಂಗ್ ಕಳುಹಿಸಿ ಗಾತ್ರವನ್ನು ಏರಿಸುತ್ತ ಹೋದಾಗ 1464 ಬೈಟುಗಳವರೆಗೆ ಉತ್ತರ ಬಂತು, 1465ಕ್ಕೆ ತುಂಡರಿಸಬೇಕಾಗಿದೆ ಎಂಬ ಸಂದೇಶ ಬಂತು. 1464ಕ್ಕೆ ತಲೆಬರಹದ 28 ಬೈಟು ಸೇರಿಸಿದರೆ 1492. ಸಾಮಾನ್ಯ ಈಥರ್ನೆಟ್ಟಿನ 1500ರಲ್ಲಿ ಪಿಪಿಪಿಒಇ (ಆಪರೇಟರರ ಜಾಲಕ್ಕೆ ಮೋಡೆಮ್ ಲಾಗಿನ್ ಆಗುವ ಕ್ರಮ) ತನ್ನ ಪಾಲಿಗೆ 8 ಬೈಟು ತೆಗೆದುಕೊಳ್ಳುತ್ತದೆ, ಲೆಕ್ಕ ಸರಿಯಾಗಿಯೇ ಇದೆ. ಅವಳ ಓಪನ್‌ವಿಪಿಎನ್ ತನ್ನ ಪ್ಯಾಕೆಟ್ಟುಗಳನ್ನು ಈ ಮಿತಿಯೊಳಗೇ ಇಡುತ್ತಿತ್ತು. ಆದುದರಿಂದ ಎಂಟಿಯುವನ್ನು ಮುಟ್ಟಲಿಲ್ಲ. ಈ ಒಂದು ಹಂತದಲ್ಲಿ ಏನೂ ಬದಲಾಯಿಸದೆ ಬಿಟ್ಟಿದ್ದೇ ಮಾಡಿದ ಕೆಲಸ.

ಹಂತ 4: ಎರಡು ಮನೆಗೆ ಒಂದೇ ವಿಳಾಸ

ಮೂರನೆಯ ಬಗೆಯ ದೋಷ ವಿಚಿತ್ರವಾಗಿತ್ತು. ಅದರ ಬಗ್ಗೆ ಅವಳು ಮೊದಲಿನಿಂದಲೂ ಹೇಳುತ್ತಲೇ ಇದ್ದಳು: “ಅಪ್ಪಚ್ಚಿ, ಕನೆಕ್ಟ್ ಆಯಿದು ಹೇಳಿ ತೋರ್ಸುತ್ತು, ಫೈಲು ಮಾತ್ರ ಓಪನ್ ಆವ್ತಿಲ್ಲೆ.” ಹಸಿರು ದೀಪ ಉರಿಯುತ್ತಿರುವಾಗ ಕಡತ ತೆರೆಯದಿರುವುದೆಂದರೆ ಕಚೇರಿಯ ಸರ್ವರ್ ನಿಧಾನವಾಗಿರಬೇಕೆಂದು ನಾನು ಅದನ್ನು ಬದಿಗಿಟ್ಟಿದ್ದೆ.

ದಾಖಲೆಯಲ್ಲಿ ಅಂತಹ ಹೊತ್ತುಗಳನ್ನು ಹುಡುಕಿದಾಗ ಮೂರನೆಯ ಕಿಟಕಿಯಲ್ಲಿ ಕಂಡದ್ದು ಸಮಯ ಮೀರಿತು ಎಂಬ ಸಾಲಲ್ಲ. ಗಮ್ಯಸ್ಥಾನ ತಲುಪಲಾಗುತ್ತಿಲ್ಲ ಎಂಬ ಉತ್ತರ, ಅದೂ 192.168.1.23ರಿಂದ ಬಂದದ್ದು. 192.168.1.23 ಆ ಹೊತ್ತಿಗೆ ಆ ಲ್ಯಾಪ್‌ಟಾಪಿನದ್ದೇ ವಿಳಾಸ. ಅಂದರೆ ಪ್ರಶ್ನೆ ಮಂಗಳೂರಿನ ಕಡೆಗೆ ಹೊರಟೇ ಇರಲಿಲ್ಲ. ಕಚೇರಿಯ ಜಾಲ 192.168.1.x, ಚಾವಡಿಯ ಮೋಡೆಮಿನ ಜಾಲವೂ 192.168.1.x. ಲ್ಯಾಪ್‌ಟಾಪ್ ಮೋಡೆಮಿನ ವೈಫೈಗೆ ಹಾರಿದಾಗಲೆಲ್ಲ 192.168.1.10 ಎಂಬ ಸರ್ವರನ್ನು ಮನೆಯೊಳಗೇ, ಅಡುಗೆಮನೆಯ ಫೋನು ಮತ್ತು ಟಿವಿಯ ಸಾಲಿನಲ್ಲಿ ಹುಡುಕುತ್ತಿತ್ತು. ಎರಡನೆಯ ರೂಟರನ್ನು ಹಿಡಿದಿದ್ದಾಗ ಮನೆಯ ಜಾಲ 192.168.0.x ಆಗಿರುತ್ತಿದ್ದುದರಿಂದ ತೊಂದರೆಯಿಲ್ಲ. ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ ಎಂಬ ದೂರಿನ ಮೂಲ ಇದು.

ಮಾರುಕಟ್ಟೆಯ ರೂಟರುಗಳಲ್ಲಿ ಹೆಚ್ಚಿನವು 192.168.0.x ಅಥವಾ 192.168.1.x ವಿಳಾಸ ಹೊತ್ತೇ ಬರುತ್ತವೆ. ವಿಪಿಎನ್ ಇಡುವ ಕಚೇರಿಗಳು ಇಂತಹ ಎಲ್ಲೆಡೆ ಬಳಕೆಯಲ್ಲಿರುವ ಸಾಲುಗಳನ್ನು ಬಿಟ್ಟು ಬೇರೆ ಸಾಲನ್ನು ಆರಿಸಿಕೊಳ್ಳಬೇಕೆಂದು ಓಪನ್‌ವಿಪಿಎನ್ ಮಾರ್ಗದರ್ಶಿಯೇ ಹೇಳುತ್ತದೆ. ಆದರೆ ಅಲ್ಲಿ ಪ್ರಿಂಟರ್, ಸರ್ವರ್ ಎಲ್ಲಕ್ಕೂ ಸ್ಥಿರ ವಿಳಾಸ ಕೊಟ್ಟಾಗಿತ್ತು, ಬದಲಾಯಿಸಲು ಅವರು ಒಪ್ಪುವಂತಿರಲಿಲ್ಲ. ಬದಲಾಗಬೇಕಾದದ್ದು ಮನೆ.

ಮೋಡೆಮಿನ ಅಡಿಯಲ್ಲಿ ಅಂಟಿಸಿದ್ದ ಚೀಟಿಯ ಪಾಸ್‌ವರ್ಡಿನಿಂದ ಒಳಹೊಕ್ಕು ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು 192.168.37.1 ಎಂದು ಮಾಡಿದೆ. 37ಕ್ಕೆ ವಿಶೇಷವೇನಿಲ್ಲ, ಯಾರೂ ಸಾಮಾನ್ಯವಾಗಿ ಆರಿಸದ ಸಂಖ್ಯೆಯಾದರೆ ಸಾಕು. ವಿಳಾಸ ಹಂಚುವ ಡಿಎಚ್‌ಸಿಪಿಯ ವ್ಯಾಪ್ತಿಯನ್ನು 100ರಿಂದ 200ರವರೆಗೆ ಇಟ್ಟೆ. ಮೋಡೆಮ್ ಮತ್ತೆ ಆರಂಭವಾದೊಡನೆ ಫೋನು, ಟಿವಿ ಎಲ್ಲ ಹೊಸ ವಿಳಾಸ ಪಡೆದವು. ಅಡಿಕೆ ಅಂಗಳದ ಸಿಸಿಟಿವಿ ಮಾತ್ರ ಮೊಬೈಲಿನಿಂದ ಮಾಯವಾಯಿತು. ಅದರ ರೆಕಾರ್ಡರಿಗೆ 192.168.1.108 ಎಂದು ಕೈಯಾರೆ ವಿಳಾಸ ಬರೆದಿಟ್ಟಿದ್ದರು. ರೆಕಾರ್ಡರಿಗೆ ಮೌಸ್ ಸಿಕ್ಕಿಸಿ, ಟಿವಿಗೆ ಜೋಡಿಸಿ, ವಿಳಾಸವನ್ನೂ ಗೇಟ್‌ವೇಯನ್ನೂ ತಿದ್ದಬೇಕಾಯಿತು. ಜಾಲದ ವಿಳಾಸ ಬದಲಾಯಿಸುವವರು ಮೊದಲು ಮನೆಯಲ್ಲಿ ಕೈಯಾರೆ ವಿಳಾಸ ಕೊಟ್ಟ ಸಾಧನ ಯಾವುದಿದೆ ಎಂದು ವಿಚಾರಿಸಿಕೊಳ್ಳಬೇಕು; ಕೊಯ್ಲಿನ ಕಾಲದಲ್ಲಾಗಿದ್ದರೆ ಅಂಗಳದ ಕ್ಯಾಮರಾ ಒಂದು ರಾತ್ರಿ ಕಾಣದಿರುವುದು ಸಣ್ಣ ಮಾತಲ್ಲ.

ಹಂತ 5: ಮೇಲಕ್ಕೆ ಕೇಬಲ್ (ಆಗಸ್ಟ್)

ವಿಳಾಸ ಸರಿಯಾದರೂ ಗಾಳಿಯಲ್ಲಿನ ನಷ್ಟ ಹಾಗೆಯೇ ಇತ್ತು. ಅದಕ್ಕೆ ಕೇಬಲೊಂದೇ ಉಪಾಯ.

ದಾರಿ ಹೀಗೆ ಅಳೆದೆ: ಚಾವಡಿಯ ಮೂಲೆಯಿಂದ ಗೋಡೆಯ ತಲೆಯವರೆಗೆ 2.2 ಮೀಟರ್, ಅಲ್ಲಿಂದ ಬಾಗಿಲಿನ ಮೇಲ್ಭಾಗದವರೆಗೆ 6.5, ಗೋಡೆ ದಾಟಿ ನಡುಕೋಣೆಯಲ್ಲಿ 5, ಮೆಟ್ಟಿಲಿನ ಬದಿಯಿಂದ ಮುಚ್ಚಿಗೆಯ ಸಂದಿನ ಮೂಲಕ ಮೇಲಕ್ಕೆ 3, ಮೇಲೆ ಮೇಜಿನವರೆಗೆ 4. ಒಟ್ಟು 21 ಮೀಟರಿಗೆ ಸ್ವಲ್ಪ ಕಡಿಮೆ. ತುದಿಗಳು ಹಾಳಾಗುವುದಕ್ಕೂ ಸೇರಿಸಿ 30 ಮೀಟರ್ ತಂದೆ. ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಎರಡು ಬಗೆಯ ಕ್ಯಾಟ್6 ನೆಟ್ವರ್ಕ್ ಕೇಬಲ್ ಇತ್ತು. ಕಡಿಮೆ ಬೆಲೆಯದ್ದು ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರ ಲೇಪಿಸಿದ್ದು. ಎರಡು ಮೂರು ಸಲ ಬಾಗಿಸಿದರೆ ಒಳಗೇ ಮುರಿಯುತ್ತದೆ. ಪೂರ್ತಿ ತಾಮ್ರದ್ದೇ ಬೇಕೆಂದು ಕೇಳಿ, ತುದಿಯನ್ನು ಬ್ಲೇಡಿನಿಂದ ಕೆರೆದು ಒಳಗೆ ಬಿಳಿ ಕಾಣುವುದಿಲ್ಲವೆಂದು ನೋಡಿಕೊಂಡೇ ತಂದೆ.

ಮುರಕಲ್ಲಿಗೆ ರಂಧ್ರ ಕೊರೆಯುವುದು ಕಾಂಕ್ರೀಟಿಗಿಂತ ಸುಲಭ, ಆದರೆ ನೇರ ಹೋಗುವುದು ಕಷ್ಟ. ಕಲ್ಲಿನೊಳಗೆ ಒಂದು ಕಡೆ ಮೆದು ಮಣ್ಣು, ಪಕ್ಕದಲ್ಲೇ ಗಟ್ಟಿ ಗಂಟು. ಬಿಟ್ ಗಂಟನ್ನು ತಪ್ಪಿಸಿ ಮೆದುವಿನ ಕಡೆ ಜಾರುತ್ತದೆ. 12 ಮಿಲಿಮೀಟರಿನ, 400 ಮಿಲಿಮೀಟರ್ ಉದ್ದದ ಬಿಟ್ ಬಳಸಿದೆ. ಗುರುತು ಹಾಕಿದ ಜಾಗದಿಂದ ಎರಡು ಇಂಚು ಕೆಳಗೆ ಹೊರಬಂತು, ದಾರಂದಕ್ಕೆ ತಾಗಲಿಲ್ಲ ಎಂಬುದೇ ಸಮಾಧಾನ. ಆರಂಭದಲ್ಲಿ 6 ಮಿಲಿಮೀಟರಿನ ಬಿಟ್ಟಿನಿಂದ ದಾರಿ ಮಾಡಿಕೊಂಡು ಆಮೇಲೆ ದೊಡ್ಡದನ್ನು ಹಾಕಿದ್ದರೆ ನೇರ ಬರುತ್ತಿತ್ತು.

ಕೇಬಲನ್ನು ಬರಿದಾಗಿ ಬಿಡಲಿಲ್ಲ. ಹಂಚಿನ ಮನೆಯ ಮುಚ್ಚಿಗೆಯ ಮೇಲೆ ಇಲಿ, ಅಳಿಲು ಎರಡೂ ಓಡಾಡುತ್ತವೆ. ಹಳೆಯ ಟೆಲಿಫೋನ್ ತಂತಿಯನ್ನು ಅವು ಏನು ಮಾಡಿದ್ದವೆಂಬುದು ಮುಚ್ಚಿಗೆಯ ಮೇಲೆ ಇನ್ನೂ ಕಾಣುತ್ತಿತ್ತು. ಮುಕ್ಕಾಲು ಇಂಚಿನ ಪಿವಿಸಿ ಪೈಪಿನೊಳಗೆ ಎಳೆದೆ. ವಿದ್ಯುತ್ ತಂತಿಯ ಪೈಪಿಗೆ ತಾಗಿಸದೆ ಅರ್ಧ ಅಡಿ ಬಿಟ್ಟು ಒಯ್ದೆ. ಅಡ್ಡ ದಾಟಲೇಬೇಕಾದ ಒಂದು ಕಡೆ ಕೂಡಿಸುವ ಚಿಹ್ನೆಯಂತೆ ನೇರ ಅಡ್ಡವಾಗಿ ದಾಟಿಸಿದೆ.

ತುದಿಗೆ ಆರ್‌ಜೆ45 ಕಚ್ಚಿಸುವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕಚ್ಚಿಸಿ ಲ್ಯಾಪ್‌ಟಾಪಿಗೆ ನೇರ ಜೋಡಿಸಿದಾಗ (ಅವಳದ್ದಕ್ಕಲ್ಲ, ಲ್ಯಾನ್ ಪೋರ್ಟಿರುವ ಬೇರೊಂದಕ್ಕೆ) ಸಂಪರ್ಕ ಬಂತು, ಆದರೆ 1 ಗಿಗಾಬಿಟ್ ಬರಬೇಕಾದಲ್ಲಿ 100 ಮೆಗಾಬಿಟ್ ಎಂದು ತೋರಿಸಿತು. ನೂರಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿಗಳೆರಡೇ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಹಾಗಾದರೆ ನೀಲಿಯಲ್ಲೋ ಕಂದಿನಲ್ಲೋ ಒಂದು ತಂತಿ ತಾಗಿಲ್ಲ. ಟೆಸ್ಟರಿನಲ್ಲಿ 8ನೆಯ ದೀಪ ಉರಿಯಲಿಲ್ಲ, ಅಂದರೆ ಕಂದು. ಮೇಲಿನ ತುದಿಯನ್ನು ಕತ್ತರಿಸಿ ಮತ್ತೆ ಕಚ್ಚಿಸಿದೆ. ಹಳೆಯ ರೂಟರಿನ ಪೋರ್ಟು ಹೇಗೂ ನೂರರದ್ದೇ ಆದುದರಿಂದ ಈಗ ಇದು ಅಗತ್ಯವಿರಲಿಲ್ಲ. ಆದರೆ ಪೈಪಿನೊಳಗೆ ಹೋದ ಕೇಬಲ್ ಮುಂದಿನ ರೂಟರಿಗೂ ಇರಬೇಕಾದದ್ದು.

ಹಂತ 6: ಎರಡನೆಯ ರೂಟರಿಗೆ ಹೊಸ ಕೆಲಸ

ಎರಡನೆಯ ರೂಟರನ್ನು ಉಪ್ಪರಿಗೆಗೆ ಒಯ್ದು, ಅದರ ರೂಟರ್‌ತನವನ್ನು ತೆಗೆದು ಬರಿಯ ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಕೊಡುವ ಪೆಟ್ಟಿಗೆ) ಮಾಡಿದೆ. ಹೀಗೆ ಮಾಡಿದರೆ ಮನೆಯಲ್ಲಿ ವಿಳಾಸ ಹಂಚುವುದು ಮೋಡೆಮ್ ಒಂದೇ; ಲ್ಯಾಪ್‌ಟಾಪ್ ಯಾವ ವೈಫೈ ಹಿಡಿದರೂ ವಿಳಾಸ ಬದಲಾಗುವುದಿಲ್ಲ.

ಇಲ್ಲಿ ಕ್ರಮ ಮುಖ್ಯ. ನಾನು ಮೊದಲು ಡಿಎಚ್‌ಸಿಪಿ ನಿಲ್ಲಿಸಿ ಉಳಿಸಿದೆ. ಆ ಕ್ಷಣದಿಂದ ಲ್ಯಾಪ್‌ಟಾಪಿಗೆ ವಿಳಾಸವೇ ಸಿಗದೆ ರೂಟರಿನ ಪುಟ ತೆರೆಯಲಿಲ್ಲ. ಲ್ಯಾಪ್‌ಟಾಪಿಗೆ 192.168.0.50 ಎಂದು ಕೈಯಾರೆ ವಿಳಾಸ ಕೊಟ್ಟು ಒಳಹೊಕ್ಕೆ. ಸರಿಯಾದ ಕ್ರಮವೆಂದರೆ, ಮೊದಲು ಲ್ಯಾನ್ ವಿಳಾಸವನ್ನು 192.168.37.2 ಮಾಡುವುದು, ಹೊಸ ವಿಳಾಸದಿಂದ ಒಳಹೊಕ್ಕು ವೈಫೈ ಸರಿಪಡಿಸುವುದು, ಕೊನೆಯದಾಗಿ ಡಿಎಚ್‌ಸಿಪಿ ನಿಲ್ಲಿಸುವುದು, ಆಮೇಲೆ ಕೇಬಲನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಸಿಕ್ಕಿಸುವುದು. ವ್ಯಾನ್ ಪೋರ್ಟ್ ಖಾಲಿಯಾಗಿಯೇ ಉಳಿಯುತ್ತದೆ.

ವೈಫೈ ಚಾನೆಲ್ ಎರಡರಲ್ಲೂ ತಾನಾಗಿ ಆರಿಸುವಂತಿತ್ತು. ನೋಡುವಾಗ ಒಂದು 3ರಲ್ಲಿ, ಇನ್ನೊಂದು 6ರಲ್ಲಿ, ಎರಡೂ 40 ಮೆಗಾಹರ್ಟ್ಸ್ ಅಗಲ. ಸುತ್ತ ಅಡಿಕೆ ತೋಟ, ನೆರೆಮನೆಯ ವೈಫೈ ಇಲ್ಲಿಗೆ ಮುಟ್ಟುವುದೇ ಇಲ್ಲ. ಹೀಗಿದ್ದೂ ಮನೆಯ ಎರಡು ಪೆಟ್ಟಿಗೆಗಳೇ ಒಂದರ ಮೇಲೊಂದು ಬೀಳುತ್ತಿದ್ದವು. ಮೋಡೆಮನ್ನು 1ಕ್ಕೆ, ಉಪ್ಪರಿಗೆಯದನ್ನು 11ಕ್ಕೆ ನಿಲ್ಲಿಸಿ, ಅಗಲ 20 ಮಾಡಿದೆ. ವೇಗದ ಪರೀಕ್ಷೆಯಲ್ಲಿ ಸಂಖ್ಯೆ ಸ್ವಲ್ಪ ಇಳಿಯಿತು. ಅವಳ ಕೆಲಸಕ್ಕೆ ಬೇಕಾದದ್ದು ವೇಗವಲ್ಲ.

ಮೇಜಿನ ಬಳಿ ಈಗ ಸಿಗ್ನಲ್ ಮೈನಸ್ 42. ಒಂದು ಗಂಟೆಯ ಪಿಂಗಿನಲ್ಲಿ 2 ಮರಳಲಿಲ್ಲ, ಸರಾಸರಿ 3 ಮಿಲಿಸೆಕೆಂಡು. ಆದರೂ ಕಚೇರಿಯ ಕೆಲಸಕ್ಕೆ ವೈಫೈ ಬೇಡವೆಂದು, ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದ ಕಾರಣ ಯುಎಸ್‌ಬಿ ಅಡಾಪ್ಟರ್ ತಂದು ನೇರ ತಂತಿಯಿಂದಲೇ ಜೋಡಿಸಿದೆ. ತಂತಿಯಲ್ಲಿ ಒಂದೂ ಕಳೆಯಲಿಲ್ಲ.

ಹಂತ 7: ಟಿಸಿಪಿಯಿಂದ ಯುಡಿಪಿಗೆ

ಕಚೇರಿ ಕೊಟ್ಟಿದ್ದ ಓಪನ್‌ವಿಪಿಎನ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಅದು ಟಿಸಿಪಿ, ಪೋರ್ಟ್ ಸಂಖ್ಯೆ 443 (ವೆಬ್ ಪುಟಗಳೂ ಬಳಸುವ ಸಂಖ್ಯೆ). ಯಾವ ಜಾಲದಿಂದಲೂ ತಡೆಯಿಲ್ಲದೆ ಹೋಗಲಿ ಎಂದು ಹೀಗೆ ಮಾಡುವುದುಂಟು. ಆದರೆ ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳುಹಿಸುವ ಜವಾಬ್ದಾರಿ ಹೊರಗಿನ ಟಿಸಿಪಿಯದ್ದೂ ಹೌದು, ಒಳಗೆ ಕಡತ ಸಾಗಿಸುವ ಟಿಸಿಪಿಯದ್ದೂ ಹೌದು. ಒಂದು ಕಳೆದರೆ ಇಬ್ಬರೂ ಮತ್ತೆ ಕಳುಹಿಸಲು ಹೊರಟು, ಸಾಲು ಉದ್ದವಾಗಿ, ಎಲ್ಲವೂ ಕೆಲವು ಸೆಕೆಂಡು ಗಟ್ಟಿಯಾಗಿ ನಿಲ್ಲುತ್ತದೆ. ನಷ್ಟವಿಲ್ಲದ ತಂತಿಯಲ್ಲಿ ಇದು ಕಾಣುವುದೇ ಇಲ್ಲ. ನೂರಕ್ಕೆ ಆರು ಕಳೆಯುವ ವೈಫೈಯಲ್ಲಿ ಇದೇ ದೊಡ್ಡ ಕಾಟ.

ನನ್ನ ಪಿಂಗ್ ಪಟ್ಟಿಯನ್ನು ಸಮಯಸಹಿತ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಕಳುಹಿಸಿ, ಕಳೆದದ್ದನ್ನು ತಾನಾಗಿ ಮತ್ತೆ ಕಳುಹಿಸದ ಯುಡಿಪಿಯ, 1194ನೆಯ ಪೋರ್ಟ್ ಸಂಖ್ಯೆಯ ಸೇವೆಯನ್ನೂ ಪಕ್ಕದಲ್ಲಿ ನಡೆಸಬಹುದೇ ಎಂದು ಕೇಳಿದೆ. ಬರಿಯ ದೂರಿಗೆ ಉತ್ತರಿಸದಿದ್ದವರು ಪಟ್ಟಿ ನೋಡಿದ ಮೇಲೆ ಹೊಸ ಕಡತ ಕಳುಹಿಸಿಕೊಟ್ಟರು. ಅದರಲ್ಲಿ ಸರ್ವರ್ ಕಡೆಯಿಂದ ಹತ್ತು ಸೆಕೆಂಡಿಗೊಮ್ಮೆ ಜೀವಂತವಿದೆಯೇ ಎಂದು ಕೇಳುವ ಏರ್ಪಾಡೂ ಇದೆ, ಆದ್ದರಿಂದ ಊಟಕ್ಕೆ ಎದ್ದುಹೋಗಿ ಬಂದರೂ ನಡುವಿನ ಸಾಧನಗಳು ಸಂಪರ್ಕವನ್ನು ಮರೆಯುವುದಿಲ್ಲ. ಹಳೆಯ ಟಿಸಿಪಿ ಕಡತವನ್ನು ಅಳಿಸಲಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಯುಡಿಪಿ ಹೋಗದಿದ್ದರೆ ಬೇಕಾಗುತ್ತದೆ.

ಹಂತ 8: ಕರೆಂಟು

ಎರಡನೆಯ ಬಗೆಯ ದೋಷ ಉಳಿದಿತ್ತು: ಹೆಚ್ಚಾಗಿ ಸಂಜೆಯ ಹೊತ್ತು ಸುಮಾರು ಮೂರು ನಿಮಿಷ ಹೊರಜಗತ್ತೇ ಇಲ್ಲ. ಕರೆಂಟು ಹೋಗಿ ಇನ್ವರ್ಟರ್ ಹತ್ತುವ ಕ್ಷಣಕ್ಕೆ ದೀಪ ಮಿಣುಕುತ್ತದೆ, ಅಷ್ಟರಲ್ಲಿ ಮೋಡೆಮ್ ಆರಿ ಹೊಸದಾಗಿ ಆರಂಭವಾಗುತ್ತದೆ. ಫೈಬರ್ ಹಿಡಿದು, ಲಾಗಿನ್ ಆಗಿ ಬರಲು ಅದಕ್ಕೆ ಅಷ್ಟು ಹೊತ್ತು ಬೇಕು.

ಇನ್ವರ್ಟರಿನ ಹಿಂದಿನ ಗುಂಡಿಯನ್ನು ಯುಪಿಎಸ್ ಎಂಬಲ್ಲಿಗೆ ತಿರುಗಿಸಿದೆ. ಮೋಡೆಮ್ ಆರುವುದು ನಿಂತಿತು. ಆದರೆ ಆ ಸ್ಥಿತಿಯಲ್ಲಿ ಇನ್ವರ್ಟರ್ ಕಡಿಮೆ ವೋಲ್ಟೇಜನ್ನು ಸಹಿಸುವುದಿಲ್ಲ. ತೋಟದ ಪಂಪುಗಳು ನಡೆಯುವ ಹೊತ್ತಿಗೆ ಇಲ್ಲಿ ವೋಲ್ಟೇಜ್ ಇಳಿಯುವುದರಿಂದ ಕರೆಂಟಿದ್ದರೂ ಬ್ಯಾಟರಿಯಲ್ಲೇ ಓಡಿ, ನಿಜವಾಗಿ ಕರೆಂಟು ಹೋದಾಗ ಮನೆ ಕತ್ತಲಾಯಿತು. ಅತ್ತಿಗೆಯ ಸಿಟ್ಟಿಗೆ ಉತ್ತರವಿರಲಿಲ್ಲ. ಗುಂಡಿಯನ್ನು ಹಿಂದಿನ ಸ್ಥಿತಿಗೇ ತಂದು, ಮೋಡೆಮಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ತಂದೆ. ಉಪ್ಪರಿಗೆಯ ರೂಟರಿಗೂ ಅದೇ ಬಗೆಯದನ್ನು ಕೊಳ್ಳುವಂತಿರಲಿಲ್ಲ: ಅದರ ಅಡಾಪ್ಟರಿನ ಮೇಲೆ 9 ವೋಲ್ಟ್ 0.6 ಆಂಪಿಯರ್ ಎಂದಿದೆ, ಸಿಕ್ಕಿಸುವ ಪಿನ್ನು ಎರಡರದ್ದೂ ಒಂದೇ ಅಳತೆ. ತಪ್ಪಿ 12 ಹಾಕಿದರೂ ಸರಿಯಾಗಿ ಕೂರುತ್ತದೆ, ರೂಟರ್ ಸುಡಬಹುದು. 9 ಮತ್ತು 12 ಎರಡೂ ಆರಿಸಬಹುದಾದ ಇನ್ನೊಂದನ್ನು ತಂದು, ಗುಂಡಿಯನ್ನು 9ಕ್ಕೆ ಇಟ್ಟು ಅದರ ಮೇಲೆ ಟೇಪು ಸುತ್ತಿದೆ.

ಖರ್ಚು

ಕ್ಯಾಟ್6 ಕೇಬಲ್ 30 ಮೀಟರ್ ₹840, ಕನೆಕ್ಟರುಗಳು ₹100, ಕ್ರಿಂಪಿಂಗ್ ಟೂಲ್ ₹450, ಟೆಸ್ಟರ್ ₹200, ಪಿವಿಸಿ ಪೈಪು ₹350, ಕ್ಲಾಂಪು ಮತ್ತು ಸ್ಕ್ರೂ ₹120, ಉದ್ದದ ಬಿಟ್ ₹380, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ₹690, ಪುಟ್ಟ ಯುಪಿಎಸ್ ಎರಡು ಸೇರಿ ₹2,750. ಒಟ್ಟು ₹5,880. ಟೂಲ್, ಟೆಸ್ಟರ್, ಬಿಟ್ ಮೂರನ್ನೂ ಯಾರಿಂದಲಾದರೂ ಕೇಳಿ ತಂದರೆ ಸಾವಿರದಷ್ಟು ಉಳಿಯುತ್ತದೆ.

ಇನ್ನೂ ಉಳಿದಿರುವುದು

ತುಲಾಮಳೆಯ (ಅಕ್ಟೋಬರ್-ನವೆಂಬರ್ ಹೊತ್ತಿನ ಮಳೆಯ) ಗುಡುಗು ಸಿಡಿಲು ಇಲ್ಲಿ ಮಧ್ಯಾಹ್ನದ ಮೇಲೆ ಸಾಮಾನ್ಯ. ಮೊದಲು ಪ್ಲಗ್ ಎಳೆದರೆ ಸಾಕಾಗುತ್ತಿತ್ತು. ಈಗ ಕೆಳಗಿನಿಂದ ಮೇಲಿನವರೆಗೆ ತಾಮ್ರದ ಉದ್ದ ತಂತಿಯೊಂದು ಸೇರಿಕೊಂಡಿರುವುದರಿಂದ ಅದರ ಎರಡೂ ತುದಿಗಳನ್ನು ಎಳೆದಿಡಬೇಕು, ಪುಟ್ಟ ಯುಪಿಎಸ್‌ಗಳನ್ನೂ ಗೋಡೆಯಿಂದ ಬಿಡಿಸಬೇಕು. ಮತ್ತೆ ಸಿಕ್ಕಿಸುವಾಗ ತಪ್ಪಿ ವ್ಯಾನ್ ಪೋರ್ಟಿಗೆ ಹಾಕದಂತೆ ಅದರ ಬಾಯಿಗೆ ಟೇಪು ಅಂಟಿಸಿದ್ದೇನೆ.

ಮೋಡೆಮಿನ ಫರ್ಮ್‌ವೇರನ್ನು ಆಪರೇಟರರು ದೂರದಿಂದಲೇ ಬದಲಾಯಿಸಬಲ್ಲರು. ಸೆಪ್ಟೆಂಬರಿನಲ್ಲಿ ಹಾಗಾದಾಗ 37ರ ವಿಳಾಸ ಉಳಿದಿತ್ತು, ಚಾನೆಲ್ ಮಾತ್ರ ಮತ್ತೆ ತಾನಾಗಿ ಆರಿಸುವ ಸ್ಥಿತಿಗೆ ಹೋಗಿತ್ತು. ಮೋಡೆಮನ್ನೇ ಬದಲಾಯಿಸಿಕೊಟ್ಟರೆ ವಿಳಾಸವೂ 192.168.1.1ಕ್ಕೆ ಮರಳುತ್ತದೆ, ಹಸಿರು ದೀಪ ಉರಿದರೂ ಕಡತ ತೆರೆಯದ ಸ್ಥಿತಿ ಮತ್ತೆ ಬರುತ್ತದೆ. ಲ್ಯಾನ್ ವಿಳಾಸ, ಡಿಎಚ್‌ಸಿಪಿಯ ವ್ಯಾಪ್ತಿ, ಚಾನೆಲ್, ಅಗಲ, ರೆಕಾರ್ಡರಿನ ಹೊಸ ವಿಳಾಸ, ಇಷ್ಟನ್ನು ಬರೆದ ಹಾಳೆಯನ್ನು ಟಿವಿ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿಟ್ಟಿದ್ದೇನೆ. ಪಿಪಿಪಿಒಇಯ ಹೆಸರು ಮತ್ತು ಪಾಸ್‌ವರ್ಡನ್ನು ಆಪರೇಟರರಿಂದ ಕೇಳಿ ಅದರಲ್ಲಿ ಸೇರಿಸುವುದು ಇನ್ನೂ ಬಾಕಿಯಿದೆ.